ಎಚ್14 ಸರ್ಟಿಫಿಕೇಟ್ ಇದ್ದರೂ ಪಿಎಒ ಪರೀಕ್ಷೆ ಬೇಕೇ?

ಗಾಳಿಯಲ್ಲಿನ ಅತಿ ಸಣ್ಣ ಕಣ ಹಿಡಿಯುವ ಹೊಸ ಹೆಪಾ ಫಿಲ್ಟರಿನ ಜೊತೆ ಎಚ್14 ದರ್ಜೆ, 99.995% ಕಣ ತಡೆಯುತ್ತದೆ ಅಂತ ಸರ್ಟಿಫಿಕೇಟ್ ಬಂದಿದೆ, ಕೂರಿಸಿದ ಮೇಲೆ ಮತ್ತೆ ಪಿಎಒ ಪರೀಕ್ಷೆಗೆ (ಎಣ್ಣೆಯ ಸಣ್ಣ ಮಂಜು ಬಿಟ್ಟು ಸೋರಿಕೆ ಹುಡುಕುವುದು) ಯಾಕೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿ ಸರ್.

ಆ ಅಂಕಿ ಇಎನ್ 1822 ಎಂಬ ಯುರೋಪಿನ ಮಾನದಂಡದ ಪ್ರಕಾರ ಕಾರ್ಖಾನೆಯಲ್ಲಿ ಅಳೆದದ್ದು. ಅತಿ ಸುಲಭವಾಗಿ ನುಸುಳುವ ಗಾತ್ರದ ಕಣವನ್ನೇ ಅಲ್ಲಿ ಆರಿಸಿಕೊಳ್ಳುತ್ತಾರೆ, ಸಾಮಾನ್ಯವಾಗಿ 0.1ರಿಂದ 0.3 ಮೈಕ್ರಾನ್. ಅದಕ್ಕಿಂತ ಸಣ್ಣವು ಅತ್ತಿತ್ತ ಅಲೆದಾಡಿ ನಾರಿಗೆ ಅಂಟಿಕೊಳ್ಳುತ್ತವೆ, ದೊಡ್ಡವು ನೇರ ಬಂದು ಬಡಿಯುತ್ತವೆ, ನಡುವಿನವೇ ತಲೆನೋವು. ಒಂದು ಮೆಟ್ಟಿಲು ಕೆಳಗಿನ ಎಚ್13 ದರ್ಜೆಗೆ 99.95% ಸಾಕು, ಅಂದರೆ ಎಚ್14ಕ್ಕಿಂತ ಹತ್ತು ಪಟ್ಟು ಕಣ ದಾಟಬಹುದು.

ಆದರೆ ಲಾರಿಯಲ್ಲಿ ಕುಲುಕಿ ಬಂದು ಸೀಲಿಂಗ್ ಏರಿದ ಮೇಲಿನ ಸ್ಥಿತಿ ಆ ಕಾಗದಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಒಮ್ಮೆ ಎಚ್14 ಫಿಲ್ಟರಿನ ಒಂದು ಮೂಲೆಯಲ್ಲಿ ಮಾತ್ರ ಫೋಟೋಮೀಟರ್ (ಫಿಲ್ಟರ್ ದಾಟಿಬಂದ ಮಂಜು ಅಳೆಯುವ ಯಂತ್ರ) ಸೋರಿಕೆಯ ಮಿತಿಯಾದ 0.01% ದಾಟಿತು. ಬಿಚ್ಚಿದರೆ ಅಂಚಿನಲ್ಲಿ ಗಾಳಿ ಸೋರದಂತೆ ಹಾಕುವ ಗ್ಯಾಸ್ಕೆಟ್ ಬೆರಳಗಲದಷ್ಟು ಮಡಚಿಕೊಂಡಿತ್ತು! ಸರಿಯಾಗಿ ಕೂರಿಸಿ, ನಾಲ್ಕೂ ಬದಿ ಸಮನಾಗಿ ಬಿಗಿದ ಮೇಲೆ ಸೋರಿಕೆ ನಿಂತಿತು.

ಪರೀಕ್ಷೆಯವರು ಬಂದಾಗ ಪಕ್ಕದಲ್ಲೇ ನಿಲ್ಲಿ. ಫಿಲ್ಟರಿಗೆ ಮುಂಚಿನ ಏರೋಸಾಲ್ (ಅದೇ ಎಣ್ಣೆಯ ಮಂಜು) ಪ್ರಮಾಣ ಅಳೆದು ಅದನ್ನು 100%ಗೆ ಹೊಂದಿಸಿಕೊಂಡರೇ ನೋಡಿ. ಯಂತ್ರದ ಗಾಳಿ ಹೀರುವ ತುದಿ, ಅಂದರೆ ಪ್ರೋಬ್, ಫಿಲ್ಟರಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ಸಾಗಬೇಕು, ಫ್ರೇಮಿನ ಅಂಚು ಪೂರ್ತಿ ಸುತ್ತಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಅದೇ.