ಮಗ ಸ್ಕೂಲಿಗೆ ಸೇರಿದ, ಎರಡನೇ ಕಾರು ಬೇಕಾ?

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ಬಸವನಗುಡಿಯಲ್ಲಿ ಬಾಡಿಗೆಗಿದ್ದೆವು. ಒಂದು ಸ್ಕೂಟರಿನಲ್ಲೇ ಎಲ್ಲ ಆಗುತ್ತಿತ್ತು. ಈಗ ಸರ್ಜಾಪುರ ರಸ್ತೆಯಲ್ಲಿ ಸ್ವಂತ ಫ್ಲಾಟ್. ಮಗ ಯುಕೆಜಿ, ಅತ್ತೆ-ಮಾವ ಜೊತೆಗಿದ್ದಾರೆ. ಸೊಪ್ಪು ತರುವುದಕ್ಕೂ ಕಾರು ತೆಗೆಯುವಂತಾಗಿದೆ. ಯಜಮಾನರು ಇನ್ನೊಂದು ಕಾರು ಕೊಳ್ಳೋಣ ಅಂತಿದ್ದಾರೆ. ನಾವೇ ಸೋಮಾರಿಗಳಾದೆವಾ?
– ಓದುಗರು, ಸರ್ಜಾಪುರ ರಸ್ತೆ

ಉತ್ತರ: ಸುಮ್ನೆ ಬೈದುಕೊಳ್ಳಬೇಡಿ. ಇದರಲ್ಲಿ ಜಾಗದ್ದೂ ಪಾಲಿದೆ, ನಿಮ್ಮ ಸಂಸಾರ ಈಗಿರುವ ಹಂತದ್ದೂ ಪಾಲಿದೆ. ಬಸವನಗುಡಿಯಲ್ಲಿ ಹೊಸಿಲು ದಾಟಿದರೆ ತರಕಾರಿ, ಮೆಡಿಕಲ್ ಶಾಪ್, ದರ್ಶಿನಿ. ಒಂದು ರಸ್ತೆ ಜಾಮ್ ಆದರೆ ಪಕ್ಕದ ಕ್ರಾಸ್ ಇದೆ. 2017ರಿಂದ ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ ಕೂಡ ಇದೆ. ನಿಮ್ಮ ಕಡೆ ಹಳೇ ಹಳ್ಳಿ ದಾರಿಗೆ ಅಂಟಿಕೊಂಡೇ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಸುತ್ತ ಕಾಂಪೌಂಡ್, ಮುಂದೆ ಒಂದೇ ಗೇಟು. ಅಂಗಡಿ ಹಿಂದಿನ ಗೋಡೆಯಾಚೆಗೇ ಕಾಣುತ್ತಿರುತ್ತದೆ, ಆದರೆ ಅಲ್ಲಿಗೆ ಹೋಗಲು ಮುಂದಿನ ಗೇಟಿನಿಂದ ಸುತ್ತಿ ಬಳಸಿ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನೀರಿನ ಟ್ಯಾಂಕರಿಗೆ ದಾರಿ ಬಿಟ್ಟುಕೊಂಡು, ಮಗನ ಕೈ ಹಿಡಿದು ಚರಂಡಿ ಕಲ್ಲಿನ ಮೇಲೆ ನಡೆಯಬೇಕು. ಕಾರಿನ ಕೀ ತೆಗೆದುಕೊಳ್ಳದೆ ಇನ್ನೇನು ಮಾಡುತ್ತೀರಿ?

ಹಾಗಂತ ಎಲ್ಲವನ್ನೂ ಜಾಗದ ತಲೆಗೆ ಕಟ್ಟುವುದೂ ಸರಿಯಲ್ಲ. ಅದೇ ಬಿಲ್ಡಿಂಗಿನಲ್ಲಿ ಮಕ್ಕಳಿಲ್ಲದ ಜೋಡಿ ಆಫೀಸ್ ಕ್ಯಾಬ್‌ನಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ನೀವು ಮಗನನ್ನು ಸ್ಕೂಲಿಗೆ ಬಿಟ್ಟು, ಮಾವನ ಮಾತ್ರೆ ತೆಗೆದುಕೊಂಡು, ಆಮೇಲೆ ಕೆಲಸಕ್ಕೆ ಹೋಗಬೇಕು. ಹೀಗೆ ಅಲ್ಲಲ್ಲಿ ಇಳಿದು ಹತ್ತುವವರಿಗೆ ಬಸ್ಸು ಒಗ್ಗುವುದಿಲ್ಲ, 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಫ್ರೀ ಆದರೂ. (ಈ ಓಡಾಟವೆಲ್ಲ ಜಾಸ್ತಿ ಹೆಂಗಸರದ್ದೇ, ಕಾರು ಮಾತ್ರ ಯಜಮಾನರ ಜೊತೆ ಹೋಗಿರುತ್ತದೆ. ನಿಮ್ಮ ಮನೆಯಲ್ಲೂ ಹಂಗೇನಾ?)

ಎರಡನೇ ಕಾರು ಈಗಲೇ ಬೇಡ. ಈ ಓಡಾಟ ಕೆಲವು ವರ್ಷದ್ದು. ಮಗ ದೊಡ್ಡವನಾಗುತ್ತಿದ್ದಂತೆ ಒಂದೊಂದೇ ಕಮ್ಮಿಯಾಗುತ್ತದೆ, ಇಎಂಐ ಹಾಗೆ ಕಮ್ಮಿಯಾಗುವುದಿಲ್ಲ. ಕಾರು ಸುಮ್ನೆ ನಿಂತಿದ್ದರೆ ಅದಕ್ಕೊಂದು ಕೆಲಸ ಹುಡುಕುತ್ತೇವೆ, ಅಲ್ವಾ? ಸ್ಕೂಲ್ ವ್ಯಾನ್ ಸಿಗುತ್ತದಾ ವಿಚಾರಿಸಿ. ಅತ್ತೆ-ಮಾವನ ಆಸ್ಪತ್ರೆ ಓಡಾಟಕ್ಕೆ ಕ್ಯಾಬ್ ಸಾಕು. ಅಂಗಡಿ ಕಡೆಗೊಂದು ಸಣ್ಣ ಗೇಟು ಇಡಿಸಿ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಟ್ಟು ಹಿಡಿಯಿರಿ. ಇನ್ನೊಬ್ಬ ಸೆಕ್ಯುರಿಟಿಯವನ ಖರ್ಚು ಅಂತಾರೆ, ಬಿಡಬೇಡಿ. ಇಷ್ಟಾದ ಮೇಲೂ ಕಾರೇ ಬೇಕು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಸಣ್ಣದೊಂದು ನೋಡಿ. ಅದಕ್ಕೂ ಮೊದಲು ನಿಮ್ಮ ಫ್ಲಾಟಿಗೆ ಎಷ್ಟು ಪಾರ್ಕಿಂಗ್ ಕೊಟ್ಟಿದ್ದಾರೆ ಅಂತ ಪತ್ರ ತೆಗೆದು ನೋಡಿಕೊಳ್ಳಿ.