ವ್ಯಾಯಾಮ, ಊಟ, ನಿದ್ದೆಗೆ ಹೊತ್ತೇ ಉಳಿಯದಿದ್ದರೆ ದಿನವನ್ನು ಎಲ್ಲಿಂದ ಹೊಂದಿಸಬೇಕು?

ದಿನವೂ ಕೆಲಸಗಳ ಪಟ್ಟಿ ಬರೆಯುತ್ತೀರಿ, ಬಹುಪಾಲು ಮುಗಿಸುತ್ತೀರಿ, ಆದರೆ ವ್ಯಾಯಾಮ, ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನಿದ್ದೆ ಈ ಮೂರು ಮಾತ್ರ ಯಾವಾಗಲೂ ಉಳಿದುಹೋಗುತ್ತವೆ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಈ ಮೂರಕ್ಕೂ ಗಡುವಿಲ್ಲ, ಕೇಳುವವರೂ ಇಲ್ಲ. ವರದಿ ತಡವಾದರೆ ಫೋನ್ ಬರುತ್ತದೆ, ವಾಕಿಂಗ್ ತಪ್ಪಿದರೆ ಯಾರೂ ಫೋನ್ ಮಾಡುವುದಿಲ್ಲ. ಮೆಂಗ್ ಝು ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಕಂಡಿತು: ಹೆಚ್ಚು ಲಾಭದ ಕೆಲಸ ಕಣ್ಣೆದುರೇ ಇದ್ದರೂ, ಕಡಿಮೆ ಲಾಭದ ಕೆಲಸಕ್ಕೆ ಗಡುವು ಹತ್ತಿರವಿದೆ ಅನ್ನಿಸಿದರೆ ಜನ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಹಾಗಾಗಿ ಪಟ್ಟಿಯನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿದರೆ ಪ್ರಯೋಜನವಿಲ್ಲ. ತುರ್ತು, ಮುಖ್ಯ ಎಂದು ನಾಲ್ಕು ಚೌಕ ಹಾಕಿ ವಿಂಗಡಿಸುವ ವಿಧಾನ ನಿಮಗೂ ಗೊತ್ತಿರಬಹುದು. ಯಾವುದು ಮುಖ್ಯ ಎಂದು ಅದು ತೋರಿಸುತ್ತದೆ, ಯಾವಾಗ ಮಾಡಬೇಕು ಎಂದು ಹೇಳುವುದಿಲ್ಲ. ನನ್ನ ಸಲಹೆ ಒಂದೇ: ಆ ಮೂರನ್ನೂ ಪಟ್ಟಿಯಿಂದ ತೆಗೆದು, ಗಂಟೆ ನಮೂದಿಸಿ, ಕ್ಯಾಲೆಂಡರಿನಲ್ಲಿ ಎಲ್ಲಕ್ಕಿಂತ ಮೊದಲು ಹಾಕಿ. ಉಳಿದ ಕೆಲಸಗಳು ಮಿಕ್ಕ ಜಾಗದಲ್ಲಿ ಹೊಂದಿಕೊಳ್ಳಲಿ.

ಅದಕ್ಕೂ ಮೊದಲು ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಎರಡು ಕೆಲಸದ ದಿನ, ಒಂದು ರಜಾ ದಿನ, ಒಟ್ಟು ಮೂರು ದಿನ ಸಾಕು. ಅರ್ಧ ಗಂಟೆಗೊಂದು ಸಾಲು ಎಳೆದು, ಆಗ ಏನು ಮಾಡುತ್ತಿದ್ದಿರಿ ಎಂದು ಎರಡು ಪದದಲ್ಲಿ ಬರೆಯಿರಿ. ರಾತ್ರಿ ಕೂತು ನೆನಪಿನಿಂದ ತುಂಬಿಸಬೇಡಿ. ಮೊಬೈಲ್ ಹಿಡಿದ ಇಪ್ಪತ್ತು ನಿಮಿಷಗಳು ನೆನಪಿನಲ್ಲಿ ಉಳಿಯುವುದೇ ಇಲ್ಲ. ನಂತರ ವಾರದ ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ಹಾಸಿಗೆಗೆ ಎಂದರೆ 56. ಉದ್ಯೋಗ, ಓಡಾಟ ಸೇರಿ 55 ಎಂದಿಟ್ಟುಕೊಳ್ಳೋಣ. ಸ್ನಾನ, ಊಟ ಇತ್ಯಾದಿಗೆ ದಿನಕ್ಕೆ ಎರಡೂವರೆಯಂತೆ 17.5, ಮನೆಗೆಲಸಕ್ಕೆ 14. ಇಷ್ಟೆಲ್ಲ ಕಳೆದರೂ 25.5 ಗಂಟೆ ಉಳಿಯುತ್ತದೆ. ಅದು ಒಟ್ಟಿಗೆ ಸಿಗುವುದಿಲ್ಲ, ಹತ್ತು ಹದಿನೈದು ನಿಮಿಷದ ತುಣುಕುಗಳಾಗಿ ಚೆದುರಿರುತ್ತದೆ. ಅದಕ್ಕೇ ‘ಸಮಯವೇ ಇಲ್ಲ’ ಅನ್ನಿಸುವುದು. ನಿಮ್ಮ ಲೆಕ್ಕದಲ್ಲಿ ಉಳಿಕೆ 5 ಗಂಟೆಗಿಂತ ಕಡಿಮೆ ಬಂದರೆ ಯಾವ ವೇಳಾಪಟ್ಟಿಯೂ ಕೆಲಸ ಮಾಡುವುದಿಲ್ಲ. ಯಾವುದಾದರೂ ಹೊಣೆಯನ್ನೇ ಇಳಿಸಬೇಕಾಗುತ್ತದೆ.

ಈಗ ನಿದ್ದೆ. ಕ್ಯಾಲೆಂಡರಿನಲ್ಲಿ ಮೊದಲು ಹಾಕಬೇಕಾದದ್ದು ಇದೇ, ಏಕೆಂದರೆ ನಿದ್ದೆಗೆಟ್ಟ ಮರುದಿನ ವ್ಯಾಯಾಮವೂ ತಪ್ಪುತ್ತದೆ, ಊಟವೂ ಹದಗೆಡುತ್ತದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ಏಳುವ ಹೊತ್ತನ್ನು ಗಟ್ಟಿಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸಿ. ಬೆಳಿಗ್ಗೆ 6ಕ್ಕೆ ಏಳಬೇಕು ಎಂದರೆ ಏಳೂವರೆ ಗಂಟೆ ನಿದ್ದೆಗೆ 10:30, ನಿದ್ದೆ ಹತ್ತಲು ಇಪ್ಪತ್ತು ನಿಮಿಷ ಸೇರಿಸಿದರೆ ದೀಪ ಆರಿಸುವುದು 10:10ಕ್ಕೆ, ಅದಕ್ಕೂ ಮುಂಚಿನ ಅರ್ಧ ಗಂಟೆ ಸುಮ್ಮನಿರಲು. ಅಂದರೆ ನಿಮ್ಮ ದಿನ ಮುಗಿಯುವುದು 9:40ಕ್ಕೆ. ಬೆಳಗಿನ ಅಲಾರಾಂಗಿಂತ ಈ 9:40ರ ಅಲಾರಾಂ ಮುಖ್ಯ. ಈಗ 12ಕ್ಕೆ ಮಲಗುವವರು ಒಮ್ಮೆಲೇ 10ಕ್ಕೆ ಮಲಗಿದರೆ ಹೊರಳಾಡುತ್ತಾರೆ, ಇದು ನನಗೆ ಆಗುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ರಜೆಯ ದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗಬಾರದು. ಕಾಫಿ, ಟೀ ಮಧ್ಯಾಹ್ನ ಎರಡಕ್ಕೆ ಕೊನೆ. ಕುಡಿದ ಕೆಫೀನಿನ ಅರ್ಧದಷ್ಟು ಕಳೆಯಲು ಸರಾಸರಿ 5 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು.

ಹಾಸಿಗೆಗೆ ಹೋದ ಮೇಲೆ ನಾಳಿನ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದರೆ, ಮಲಗುವ ಮುಂಚೆ ಐದು ನಿಮಿಷ ಅವನ್ನು ಕಾಗದದ ಮೇಲೆ ಬರೆಯಿರಿ. ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಮುಗಿಸಿದ ಕೆಲಸ ಬರೆದವರಿಗಿಂತ ಮಾಡಬೇಕಾದ ಕೆಲಸ ಬರೆದವರು ಬೇಗ ನಿದ್ದೆಹೋದರು, ಅದರಲ್ಲೂ ವಿವರವಾಗಿ ಬರೆದಷ್ಟೂ ಬೇಗ. ಆದ್ದರಿಂದ ‘ಬ್ಯಾಂಕ್ ಕೆಲಸ’ ಎಂದು ಬರೆದು ಬಿಡಬೇಡಿ, ‘11ಕ್ಕೆ ಬ್ಯಾಂಕ್, ವಿಳಾಸ ಬದಲಾವಣೆಯ ಫಾರಂ’ ಎಂದೇ ಬರೆಯಿರಿ.

ವ್ಯಾಯಾಮದ ಅಳತೆ ಜನ ಅಂದುಕೊಂಡದ್ದಕ್ಕಿಂತ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಧ್ಯಮ ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಒಂದು ಬಾರಿಗೆ ಕನಿಷ್ಠ ಹತ್ತು ನಿಮಿಷ ಮಾಡಲೇಬೇಕು ಎಂಬ ಹಳೆಯ ಷರತ್ತನ್ನು ಈ ಮಾರ್ಗಸೂಚಿ ಕೈಬಿಟ್ಟಿದೆ. ಹಾಗಾಗಿ ಬೆಳಿಗ್ಗೆ 8, ಮಧ್ಯಾಹ್ನ ಊಟವಾದ ಮೇಲೆ 7, ಸಂಜೆ 7 ನಿಮಿಷ ಚುರುಕಾಗಿ ನಡೆದರೂ ದಿನಕ್ಕೆ 22 ಆಯಿತು, ವಾರಕ್ಕೆ 154. ಚೆದುರಿದ ತುಣುಕು ಸಮಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಲದ ವ್ಯಾಯಾಮಕ್ಕೆ ವಾರದಲ್ಲಿ ಎರಡು ಬಾರಿ ಇಪ್ಪತ್ತು ನಿಮಿಷ ಇಡಿ: ಬಸ್ಕಿ, ಗೋಡೆಗೆ ಅಥವಾ ಮೇಜಿಗೆ ಕೈಕೊಟ್ಟು ದಂಡ, ಭಾರ ಎತ್ತಿ ನಡೆಯುವುದು. ಹೃದಯದ ತೊಂದರೆ, ಕೀಲುನೋವು ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ.

ಊಟಕ್ಕೆ ಹೆಚ್ಚು ಹೇಳುವುದಿಲ್ಲ. ಮಧ್ಯಾಹ್ನದ ಅರ್ಧ ಗಂಟೆಯನ್ನು ಕ್ಯಾಲೆಂಡರಿನಲ್ಲಿ ‘ಮೀಟಿಂಗ್’ ಎಂದೇ ಗುರುತು ಹಾಕಿ, ಬೇರೆಯವರಿಗೆ ಆ ಹೊತ್ತು ಖಾಲಿ ಕಾಣದಿರಲಿ. ವಾರದ ಅಡುಗೆ ಏನೇನು ಎಂದು ಒಂದೇ ಸಲ ನಿರ್ಧರಿಸಿಬಿಡಿ. ದಿನವೂ ಯೋಚಿಸುವ ಹೊರೆ ತಪ್ಪುತ್ತದೆ.

ಕ್ಯಾಲೆಂಡರಿನಲ್ಲಿ ಬರೆದೂ ತಪ್ಪಿಹೋಗುವುದೇಕೆ? ನಾನು ಕಂಡಂತೆ ಮುಖ್ಯ ಕಾರಣ ‘ಸಂಜೆ ವಾಕಿಂಗ್’ ಎಂಬಂಥ ಸಡಿಲ ಬರಹ. ‘ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಶೂ ಹಾಕಿಕೊಂಡು ಹೊರಗೆ’ ಎಂದು ಬರೆದರೆ ಯಾವುದರ ಬೆನ್ನಿಗೆ ಯಾವುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಆ ಗಳಿಗೆಯಲ್ಲಿ ಮನಸ್ಸನ್ನು ಒಪ್ಪಿಸುವ ಕಷ್ಟ ಇರುವುದಿಲ್ಲ. ಇನ್ನೊಂದು ಕಾರಣ ಒತ್ತೊತ್ತಾಗಿ ತುಂಬಿದ ದಿನ. ಯಾವ ಕೆಲಸಕ್ಕೂ ನಿಮ್ಮ ಅಂದಾಜಿನ ಒಂದೂವರೆ ಪಟ್ಟು ಇಡಿ. ಬಿಡುವಿನ ಗಂಟೆಗಳಲ್ಲಿ ಮೂರನೇ ಒಂದು ಭಾಗ ಖಾಲಿ ಇರಲಿ. ಒಂದು ಕೆಲಸ ತಡವಾದರೂ ಆಗ ಮುಂದಿನದು ಉರುಳುವುದಿಲ್ಲ.

ಪ್ರತಿಯೊಂದಕ್ಕೂ ಒಂದು ಕನಿಷ್ಠ ರೂಪವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯ ನಡಿಗೆ ಆಗದ ದಿನ ಐದು ನಿಮಿಷ, ಇಪ್ಪತ್ತು ನಿಮಿಷದ ವ್ಯಾಯಾಮ ಆಗದ ದಿನ ಹತ್ತು ಬಸ್ಕಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಅಭ್ಯಾಸ ಮೈಗೂಡಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ‘21 ದಿನದಲ್ಲಿ ಅಭ್ಯಾಸ’ ಎಂಬ ಮಾತನ್ನು ನಂಬಿ ನಾಲ್ಕನೇ ವಾರ ಕೈಚೆಲ್ಲುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು. ಪಟ್ಟಿಯ ಒಂದೊಂದು ಕೆಲಸಕ್ಕೂ ಮೂರು ಪ್ರಶ್ನೆ ಹಾಕಿ: ಈ ವಾರ ಮಾಡದಿದ್ದರೆ ಯಾರಿಗೆ ತೊಂದರೆ? ಬೇರೆಯವರು ಮಾಡಬಹುದೇ? ಇಷ್ಟು ನಯವಾಗಿ ಮಾಡುವ ಅಗತ್ಯವಿದೆಯೇ? ಮೂರನೆಯದೇ ಹೆಚ್ಚು ಸಮಯ ಉಳಿಸುವುದು. ಇಲ್ಲ ಎನ್ನಬೇಕಾದಾಗ ‘ಈ ವಾರ ಆಗುವುದಿಲ್ಲ, ಮುಂದಿನ ಬುಧವಾರ ಮಧ್ಯಾಹ್ನ ನೋಡಿಕೊಡುತ್ತೇನೆ’ ಎಂದಷ್ಟೇ ಹೇಳಿ. ಕಾರಣ ವಿವರಿಸಲು ಹೊರಟರೆ ಚೌಕಾಸಿ ಶುರುವಾಗುತ್ತದೆ.

ವಾರಕ್ಕೊಮ್ಮೆ ಹದಿನೈದು ನಿಮಿಷ ಕೂತು ಮುಂದಿನ ವಾರದ ಕ್ಯಾಲೆಂಡರ್ ತುಂಬಿಸಿ. ಒಂದೇ ಗುರುತು ಎರಡು ವಾರ ತಪ್ಪಿದ್ದರೆ ಅದರ ಹೊತ್ತು ಬದಲಿಸಿ. ಹಸುಗೂಸು ಇರುವ ಮನೆಯಲ್ಲಿ, ಪಾಳಿ ಬದಲಾಗುವ ಕೆಲಸದಲ್ಲಿ ಗಡಿಯಾರದ ಹೊತ್ತು ನಿಲ್ಲುವುದಿಲ್ಲ. ಅಲ್ಲಿ ‘ಎದ್ದ ಮೇಲೆ’, ‘ಮಗು ಮಲಗಿದ ಮೇಲೆ’ ಎಂದು ಕ್ರಮವನ್ನಷ್ಟೇ ಹಿಡಿಯಿರಿ. ಮೂರು ವಾರ ಏಳು ಗಂಟೆ ಮಲಗಿದ ಮೇಲೂ ಹಗಲು ತೂಕಡಿಕೆ, ಬೆಳಿಗ್ಗೆ ತಲೆನೋವು, ಜೋರು ಗೊರಕೆ ಇದ್ದರೆ ವೇಳಾಪಟ್ಟಿಯಿಂದ ಅದು ಸರಿಹೋಗುವಂಥದ್ದಲ್ಲ. ವೈದ್ಯರ ಭೇಟಿಯ ಹೊತ್ತನ್ನು ಈ ವಾರದ ಕ್ಯಾಲೆಂಡರಿನಲ್ಲೇ ಹಾಕಿ.