ಅಮ್ಮ ಬೇಡ ಅಂತಾಳೆ, ನಾನು ಲಾರಿಗೆ ಹೋಗಲಾ?

ಪ್ರಶ್ನೆ: ನನಗೆ 22 ವರ್ಷ. ಎರಡು ವರ್ಷದಿಂದ ಊರಲ್ಲಿ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದೇನೆ. ಹೆವಿ ಲೈಸೆನ್ಸ್ ಮಾಡಿಸಿ ಲಾರಿಗೆ ಹೋಗುವ ಆಸೆ. ನಮ್ಮ ಸೋದರಮಾವ ಲಾರಿ ಡ್ರೈವರ್ ಆಗಿದ್ದರು, ಆಕ್ಸಿಡೆಂಟಿನಲ್ಲಿ ತೀರಿಕೊಂಡರು. ಲಾರಿ ಮಾತು ಎತ್ತಿದರೆ ಅಮ್ಮ ಊಟ ಬಿಟ್ಟು ಏಳುತ್ತಾಳೆ. ನನಗೂ ಘಾಟಿ ಅಂದರೆ ಭಯ. ಈ ಭಯ ಇಟ್ಟುಕೊಂಡು ಈ ಕೆಲಸಕ್ಕೆ ಹೋಗಬಹುದಾ?
– ಓದುಗ, ಶಿಗ್ಗಾವಿ

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ನಾನು 27 ವರ್ಷ ಲಾರಿ ಓಡಿಸಿದವನು. ಹುಬ್ಬಳ್ಳಿಯಿಂದ ಈರುಳ್ಳಿ, ಬ್ಯಾಡಗಿಯಿಂದ ಮೆಣಸಿನಕಾಯಿ, ಮಂಗಳೂರಿನಿಂದ ಗೊಬ್ಬರ ಹೇರಿದ್ದೇನೆ. ಅಪಾಯವೇ ಇಲ್ಲ ಅಂತ ನಿನ್ನ ಅಮ್ಮನಿಗೆ ಹೇಳಿದರೆ ಸುಳ್ಳಾಗುತ್ತದೆ. ಅಪಾಯ ಎಲ್ಲೆಲ್ಲಿ ಇರುತ್ತದೆ ಅಂತ ಮಾತ್ರ ಹೇಳಬಲ್ಲೆ.

ಘಾಟಿಯ ಭಯ ಇರಲಿ, ಅದು ನಿನ್ನನ್ನು ಕಾಯುತ್ತದೆ. ಅರಬೈಲ್ ಇಳಿಯುವಾಗ ಆಗಲಿ, ಶಿರಾಡಿ ಇಳಿಯುವಾಗ ಆಗಲಿ, ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಹಾಕು. ಇಳುಕಲು ಶುರುವಾಗುವ ಮುಂಚೆಯೇ ಹಾಕು. ನಡುವೆ ಬದಲಿಸಲು ಹೋಗಿ ಗೇರ್ ಬೀಳದಿದ್ದರೆ ಗಾಡಿ ನಿನ್ನ ಮಾತು ಕೇಳುವುದಿಲ್ಲ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಅವರ ಜೊತೆ ಕೆಲಸ ಕಲಿಯಬೇಡ. ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದು, ಅದನ್ನು ಒತ್ತಿ ಹಿಡಿಯುವ ಲೈನರ್ ಹಿಡಿತ ಬಿಡುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಮೂಗಿಗೆ ವಾಸನೆ ಬಂದ ಕೂಡಲೇ ಜಾಗ ನೋಡಿ ನಿಲ್ಲಿಸು, ಅರ್ಧ ಗಂಟೆ ಆರಲು ಬಿಡು. ಕಾದ ಡ್ರಮ್‌ಗೆ ನೀರು ಸುರಿಯಬೇಡ, ಸೀಳುತ್ತದೆ.

ಆದರೆ ತಮ್ಮಾ, ನನ್ನ ಜೀವ ಹೋಗಬೇಕಿದ್ದದ್ದು ಘಾಟಿಯಲ್ಲಿ ಅಲ್ಲ. ಅಂಗೈಯಂಥ ರಸ್ತೆಯಲ್ಲಿ.

ಲಾರಿ ಹತ್ತಿ ಆಗ ಆರು ವರ್ಷ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಈರುಳ್ಳಿ ಲೋಡ್. ಹಿಂದಿನ ರಾತ್ರಿಯೂ ಮಲಗಿರಲಿಲ್ಲ. ಹಿರಿಯೂರು ದಾಟಿದ್ದು ನೆನಪಿದೆ, ಶಿರಾ ಬಂದಿದ್ದು ನೆನಪಿಲ್ಲ. ನಡುವಿನ ಅಷ್ಟು ದೂರ ನಾನೇ ಓಡಿಸಿದ್ದೆ, ಕಣ್ಣು ತೆರೆದೇ ಇತ್ತು. ಬೆಳಗಿನ ನಾಲ್ಕರ ಹೊತ್ತಿಗೆ ಎಡಗಡೆ ಚಕ್ರ ಮಣ್ಣಿಗೆ ಇಳಿಯಿತು. ಕ್ಲೀನರ್ ಹುಡುಗ ಕಿರುಚಿ ನನ್ನ ಮೊಣಕಾಲಿಗೆ ಒದ್ದ. ಅವನು ಎಚ್ಚರ ಇದ್ದದ್ದಕ್ಕೆ ಇವತ್ತು ನಿನಗೆ ಉತ್ತರ ಬರೆಯುತ್ತಿದ್ದೇನೆ. ಗಾಡಿ ನಿಲ್ಲಿಸಿ ಹುಣಸೆ ಮರದ ಕೆಳಗೆ ಕೂತೆ. ಬೀಡಿ ಹಚ್ಚಲು ಹೋದರೆ ಕಡ್ಡಿ ಹಿಡಿಯಲು ಕೈ ನಿಲ್ಲಲಿಲ್ಲ. ಮಾರ್ಕೆಟ್ ತಪ್ಪಿತು ಅಂತ ಓನರ್ ಆ ತಿಂಗಳ ಭತ್ಯೆ ಮುರಿದರು. ಮುರಿಯಲಿ. ಅಂದಿನಿಂದ ರಾತ್ರಿ ಎರಡರಿಂದ ಐದು ಗಂಟೆವರೆಗೆ ನಾನು ಗಾಡಿ ಓಡಿಸಿಲ್ಲ.

ನಿದ್ದೆಗೆ ಚಹಾ ಮದ್ದಲ್ಲ, ಗುಟ್ಕಾ ಅಲ್ಲ, ಜೋರು ಹಾಡೂ ಅಲ್ಲ. ಮಲಗಿದರೆ ಮಾತ್ರ ಹೋಗುತ್ತದೆ. ಎರಡು ಸಲ ಆಕಳಿಕೆ ಬಂತು, ಮುಂದಿನ ಗಾಡಿಯ ಕೆಂಪು ದೀಪ ಮಂಜಾಗಿ ಕಂಡಿತು ಅಂದರೆ ಡಾಬಾ ನೋಡಿ ನಿಲ್ಲಿಸು. ದಿನಕ್ಕೆ 8 ಗಂಟೆ ಕೆಲಸ, ಒಂದೇ ಸಮ 5 ಗಂಟೆ ಆದರೆ ಅರ್ಧ ಗಂಟೆ ಬಿಡುವು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನಾನು ಕೆಲಸ ಮಾಡಿದ ಒಬ್ಬ ಓನರೂ ಅದನ್ನು ನನಗೆ ಹೇಳಲಿಲ್ಲ. ಅದಕ್ಕೇ ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ಇದನ್ನು ಕೇಳು: ದೂರದ ಟ್ರಿಪ್‌ಗೆ ಇಬ್ಬರು ಡ್ರೈವರ್ ಕೊಡ್ತೀರಾ? ತಡವಾದರೆ ದುಡ್ಡು ಮುರೀತೀರಾ? ಸರಿಯಾದ ಉತ್ತರ ಬರದಿದ್ದರೆ ಬೇರೆ ಗಾಡಿ ನೋಡು. ಒಳ್ಳೆ ಡ್ರೈವರ್ ಸಿಗುವುದು ಈಗ ಕಷ್ಟ, ನಿನಗೆ ಕೆಲಸ ಸಿಗುತ್ತದೆ.

ಲೋಡಿನ ಮೇಲೆ ಜನ ಹತ್ತಿಸಬೇಡ. 2025ರ ಜನವರಿ 22 ನಿನಗೂ ನೆನಪಿರಬೇಕು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಹತ್ತಿರ ಕಂದಕಕ್ಕೆ ಬಿತ್ತು, 10 ಜನ ಸತ್ತರು. ನಿಮ್ಮ ಪಕ್ಕದ ಊರಿನವರು, ದುಡಿದು ತಿನ್ನುವವರು. 'ಇಷ್ಟು ದೂರ ತಾನೇ' ಅಂತ ಯಾರೇ ಕೈ ಮುಗಿದರೂ ಇಲ್ಲ ಅನ್ನು. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಅನ್ನು.

ಇನ್ನು ದಿನದ ಕೆಲಸ. ಹೊರಡುವ ಮುಂಚೆ ವೀಲ್ ಸ್ಪ್ಯಾನರ್ ಹಿಡಿದು ಒಂದೊಂದು ಟೈರಿಗೂ ಬಡಿ. ಗಾಳಿ ಸರಿ ಇದ್ದರೆ ಟಣ್ ಅಂತ ಪುಟಿಯುತ್ತದೆ, ಇಲ್ಲದಿದ್ದರೆ ದಪ್ ಅನ್ನುತ್ತದೆ. ಹಿಂದಿನ ಜೋಡಿ ಟೈರ್ ನಡುವೆ ಬಗ್ಗಿ ನೋಡು. ಅಲ್ಲಿ ಸಿಕ್ಕಿಕೊಂಡ ಕಲ್ಲು ವೇಗದಲ್ಲಿ ಸಿಡಿದರೆ ಹಿಂದೆ ಬರುವ ಬೈಕಿನವನ ಗತಿ ಏನು? ಗಾಡಿ ಕೆಟ್ಟರೆ ನಾಲ್ಕೂ ಇಂಡಿಕೇಟರ್ ಹಾಕಿ, ಪ್ರತಿಫಲಿಸುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡು. ಹೆದ್ದಾರಿ ಸಹಾಯಕ್ಕೆ 1033. ಸುತ್ತ ಕಲ್ಲು ಜೋಡಿಸಿ, ರಿಪೇರಿ ಆದ ಮೇಲೆ ಹಾಗೇ ಬಿಟ್ಟು ಹೋಗುವವರನ್ನು ನೋಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ಕಲ್ಲಿಗೆ ರಾತ್ರಿ ಯಾರದೋ ಮನೆ ಮಗ ಬೀಳುತ್ತಾನೆ.

ಲೈಸೆನ್ಸ್ ವಿಷಯ: 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ನಿನ್ನ ವಯಸ್ಸಿಗೆ ಅಡ್ಡಿ ಇಲ್ಲ. ಆದರೆ ಕಾರ್ಡ್ ಕೈಗೆ ಬಂದ ಮಾರನೇ ದಿನವೇ ಹತ್ತು ಚಕ್ರದ ಗಾಡಿ ಹತ್ತಬೇಡ. ಆರು ತಿಂಗಳು ಹಳೇ ಡ್ರೈವರ್ ಪಕ್ಕ ಕೂರು. ಎಡಗಡೆ ಎಷ್ಟು ಜಾಗ ಕನ್ನಡಿಗೆ ಬೀಳುವುದಿಲ್ಲ, ಕ್ಯಾಬಿನ್ ಮೂತಿಯ ಕೆಳಗೆ ಮಗು ನಿಂತರೂ ಹೇಗೆ ಕಾಣುವುದಿಲ್ಲ ಅಂತ ಇಳಿದು ನಿಂತು ನೋಡಿಕೋ.

ಅಮ್ಮನ ಹತ್ತಿರ ಜಗಳ ಆಡಬೇಡ. ಅವಳು ತಮ್ಮನನ್ನು ಕಳಕೊಂಡವಳೋ ಅಣ್ಣನನ್ನೋ, ಅವಳ ಸಂಕಟ ದೊಡ್ಡದು. ಮಾವನಿಗೆ ಅವತ್ತು ಏನಾಯಿತು ಅಂತ ಕೇಳು. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರು, ಗಾಡಿ ಹೇಗಿತ್ತು, ಎಲ್ಲ ಕೇಳು. ಅವಳು ಹೇಳಲಿ, ನೀನು ಸುಮ್ನೆ ಕೇಳು.

ಪ್ರಶ್ನೆ: ನಮ್ಮ ಯಜಮಾನರು ಲಾರಿ ಡ್ರೈವರ್. ಅವರಿಗೆ ನಿದ್ದೆ ಬರದಿರಲಿ ಅಂತ ರಾತ್ರಿಯೆಲ್ಲ ಫೋನಿನಲ್ಲಿ ಮಾತಾಡಿಸುತ್ತಾ ಇರುತ್ತೇನೆ. ಸರಿನಾ ಅಣ್ಣಾ?
– ಓದುಗರು, ರಾಣೆಬೆನ್ನೂರು

ಉತ್ತರ: ಬೇಡ ತಂಗೀ. ನಿಮ್ಮ ಕಾಳಜಿ ಗೊತ್ತಾಗುತ್ತದೆ, ಆದರೆ ಮಾತಿಗೆ ಕಿವಿ ಕೊಟ್ಟರೆ ರಸ್ತೆಯ ಮೇಲಿನ ಗಮನ ಹೋಗುತ್ತದೆ. ಬ್ಲೂಟೂತ್ ಇದ್ದರೂ ಅಷ್ಟೇ. ನನ್ನ ಹೆಂಡತಿ ಒಂದು ಪದ್ಧತಿ ಮಾಡಿದ್ದಳು: ಗಾಡಿ ನಿಂತಾಗ ನಾನೇ ಫೋನ್ ಮಾಡಬೇಕು. ಊಟಕ್ಕೆ ನಿಂತಾಗ ಒಂದು, ಮಲಗುವ ಮುಂಚೆ ಒಂದು. ಎರಡನೇ ಫೋನ್ ರಾತ್ರಿ ಒಂದು ಗಂಟೆಯೊಳಗೆ ಬರಲೇಬೇಕು, ಎಲ್ಲಿ ನಿಲ್ಲಿಸಿದ್ದೇನೆ ಅಂತ ಊರಿನ ಹೆಸರು ಹೇಳಲೇಬೇಕು. ಆ ಫೋನ್ ಬಂದ ಮೇಲೆ ಅವಳೂ ಮಲಗುತ್ತಿದ್ದಳು.